ಕೊರಳ ಮೈಕು

ಬಿ.ಆರ್.ಸಿ.ಯಿಂದ ಬಂದ ಪೆಟ್ಟಿಗೆಯಲ್ಲಿ ಎರಡು ಸಾಮಾನು:
ಅವನ ಕಿವಿಗೆ ಗೋಡಂಬಿಯಷ್ಟು ಯಂತ್ರ,
ನನ್ನ ಕೊರಳಿಗೆ ಬೆಂಕಿಪೊಟ್ಟಣದಷ್ಟು ಮೈಕು.
ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಹೋದರು.
ಕಳೆದರೆ ನನ್ನ ಸಂಬಳದಿಂದ.

ಸುಯೋಗ ತಾಂಡೇಲ, ಐದನೇ ಇಯತ್ತೆ,
ಬೈತಖೋಲ ದಕ್ಕೆಯ ಕಡೆಯವ.
ಅಪ್ಪ ಪರ್ಸಿನ್ ಬೋಟಿನಲ್ಲಿ. ಆಯಿ
ಐಸ್ ಫ್ಯಾಕ್ಟರಿಯ ಬದಿಗೆ ಕೂತು ಸಿಗಡಿ ಸುಲಿಯುತ್ತಾಳೆ.
ರಾತ್ರಿ ಅವನ ಯಂತ್ರವನ್ನು ಅಕ್ಕಿ ತುಂಬಿದ ಬಾಟಲಿಯಲ್ಲಿ
ಹುಗಿದಿಡುವವಳೂ ಅವಳೇ. ಇಲ್ಲಿಯ ಗಾಳಿಯೇ ಉಪ್ಪು,
ಉಪ್ಪಿಗೆ ತಂತಿಯೆಂದರೆ ಪ್ರೀತಿ.
ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ
ಅವನ ಕಿವಿಯಿಂದ ಒಂದು ಅಕ್ಕಿಕಾಳು ಉದುರುವುದುಂಟು.

ಮೊದಲ ದಿನ ಅವನು ಹೇಳಿದ್ದು:
'ಅಕ್ಕೋರೆ, ನಿಮ್ಮ ಒಳಗೆ ಯಾರೋ ಮೊಳೆ ಹೊಡೀತಾರೆ.'
ನನ್ನ ತಾಳಿ. ಮೈಕಿಗೆ ತಾಗಿ ಟಕ್ ಟಕ್.
ಸೆರಗಿನೊಳಗೆ ಸೇರಿಸಿಕೊಂಡೆ.
ಅದಕ್ಕೊಂದು ಸದ್ದಿದೆಯೆಂದು ಹನ್ನೊಂದು ವರ್ಷ
ನನಗೂ ಗೊತ್ತಿರಲಿಲ್ಲ, ಕಟ್ಟಿದವನಿಗೂ.

ಆಮೇಲೆ ಬೋರ್ಡಿನತ್ತ ಮುಖ ಮಾಡಿ ಹೇಳಿದರೂ
ಮಾತು ಅವನಿಗೆ ಮುಟ್ಟತೊಡಗಿತು.
ನನ್ನ ತುಟಿಗಳನ್ನು ಬಿಟ್ಟುಕೊಟ್ಟ.
ಕಿಟಕಿ ನೋಡುತ್ತ ಪಾಠ ಕೇಳುವ
ಎಲ್ಲ ಹುಡುಗರ ಸುಖ ಅವನಿಗೂ ಬಂತು.
ಅದಕ್ಕಾಗಿ ಒಮ್ಮೆ ಬೈದೆ. ನಕ್ಕ.

ಆ ಗುರುವಾರ ಭಾಗಾಕಾರ ಕೊಟ್ಟು ಸ್ಟಾಫ್ ರೂಮಿಗೆ ಹೋದೆ.
ವರ್ಗಾವಣೆಯ ಯಾದಿ ಬಂದಿತ್ತು.
ನನ್ನ ಹೆಸರಿರಲಿಲ್ಲ, ಏಳನೇ ವರ್ಷವೂ.
ಗದಗಿಗೆ ಫೋನು ಹಚ್ಚಿ ತಂಗಿಗೆ ಹೇಳಿದೆ, ನಮ್ಮ ಮಾತಿನಲ್ಲಿ:
'ಸಾಕಾಗೇತಿ ಈ ಊರು. ಬೆವರು, ಮೀನ ನಾತ.
ಒಬ್ಬ ಕಿವುಡನ ಸಲುವಾಗಿ ಕೊರಳಾಗ ಗಂಟಿ ಕಟ್ಟಿಕೊಂಡು
ಎತ್ತಿನಂಗ ತಿರಗಾಕತ್ತೀನಿ.'
ಸ್ವಲ್ಪ ಅತ್ತೆ ಕೂಡ.
ಮೇಜಿನಾಚೆ ನಾಯ್ಕ ಮಾಸ್ತರರು ಪೇಪರು ಓದುತ್ತಿದ್ದರು,
ಅವರಿಗೆ ಕೇಳಿಸಲಿಲ್ಲ. ಫ್ಯಾನಿನ ಸದ್ದು ಅಷ್ಟು.

ಮರಳಿದಾಗ ತರಗತಿಯೆಲ್ಲ ಸಂತೆ.
ಅವನೊಬ್ಬ ಲೆಕ್ಕದ ಮೇಲೆ ಬಾಗಿದ್ದ. ಶೇಷ ಮೂರು. ಸರಿ ಇತ್ತು.
ತಲೆಯೆತ್ತದೆ ಕೇಳಿದ:
'ಗದಗ ದೂರಾನ, ಅಕ್ಕೋರೆ?'

ಕೈ ಕೊರಳಿಗೆ ಹೋಯಿತು.
ಹಸಿರು ದೀಪ ಉರಿಯುತ್ತಲೇ ಇತ್ತು.

ಎರಡು ಗೋಡೆ ದಾಟಿ, ಇಡೀ ಶಾಲೆಯಲ್ಲಿ
ನನ್ನ ಮಾತು ಕೇಳಿದ್ದು ಅವನೊಬ್ಬನಿಗೆ.
ಕಿವಿಯಿಂದ ಕಿತ್ತಿಡಬಹುದಿತ್ತು.
ಬೇರೆ ದಿನ ಎಷ್ಟು ಸಲ ಕಿತ್ತಿಟ್ಟಿದ್ದಾನೆ:
ನೌಕಾನೆಲೆಯ ಹೆಲಿಕಾಪ್ಟರಿಗೆ,
ಬೆಂಚು ಎಳೆಯುವ ಸದ್ದಿಗೆ,
ಹೆಡ್ ಮಾಸ್ತರರ ಭಾಷಣಕ್ಕೆ.
ಆ ದಿನ ಕಿತ್ತಿಡಲಿಲ್ಲ.

'ಬಸ್ಸಿಗೆ ಆರು ತಾಸು' ಎಂದೆ.
ತಪ್ಪಾಯಿತು ಎನ್ನಬೇಕಿತ್ತು.
ಅಂದೆ, ಮೈಕು ಬಂದ್ ಮಾಡಿದ ಮೇಲೆ,
ಬೋರ್ಡಿನತ್ತ ತಿರುಗಿ.

ಮರುದಿನ ಅವನೇ ಮೈಕು ಇಸಕೊಂಡ.
ಚಡ್ಡಿಯ ಜೇಬಿನಲ್ಲಿ ಅಕ್ಕನ ನೇಲ್ ಪಾಲಿಶ್.
ನಾಲಿಗೆ ಕಚ್ಚಿಕೊಂಡು, ಗುಂಡಿಯ ಎಡಕ್ಕೆ
ಒಂದು ಕೆಂಪು ಚುಕ್ಕೆ ಇಟ್ಟ.
'ಇಲ್ಲಿ ಬಂದರೆ ಬಂದ್. ಫೋನ್ ಮಾಡೋವಾಗ ಇಲ್ಲಿ ತನ್ನಿ.'
ಒಣಗಲೆಂದು ಉಫ್ ಉಫ್ ಊದಿದ.
ತನ್ನ ಉಸಿರೇ ತನ್ನ ಕಿವಿಯಲ್ಲಿ ತುಫಾನಾಗಿ
ಬೆಚ್ಚಿಬಿದ್ದು, ಇನ್ನೊಮ್ಮೆ ಊದಿದ.

ವರ್ಗಾವಣೆಯ ಅರ್ಜಿ ಡ್ರಾವರಿನಲ್ಲಿದೆ.
ಹರಿದು ಹಾಕಿದೆನೆಂದರೆ ಸುಳ್ಳು. ಮುಂದಿನ ವರ್ಷವೂ ಕೊಡುವವಳೇ.
ಆದರೆ ಈಗ ಬಾಯಿ ಬಿಡುವ ಮೊದಲು
ಕೈ ತಾನಾಗಿ ಕೊರಳಿಗೆ ಹೋಗುತ್ತದೆ,
ಭಾನುವಾರವೂ, ಅಡುಗೆಮನೆಯಲ್ಲೂ,
ಮೈಕು ಶಾಲೆಯ ಕಪಾಟಿನಲ್ಲಿ ಬೀಗದೊಳಗಿದ್ದಾಗಲೂ.
ಚುಕ್ಕೆಗೆ ತಡಕಾಡುತ್ತದೆ.
ಸಿಗುವುದು ತಾಳಿ.
ಟಕ್.