ಐಬು

ತಪ್ಪು ಮಾಡತಾರ.
ದೋಷ ತಟ್ಟತೈತಿ.
ಕೊರತಿ ಬೀಳತೈತಿ. ಹುಳುಕು,
ಹುಡುಕಿದವರಿಗೆ ಸಿಗತೈತಿ.
ಐಬು ಮಾತ್ರ ಸುಮ್ಮನ ಇರತೈತಿ.
‘ಐಬು ಮಾಡಿದ’ ಅಂತ ನಮ್ಮ ಗುಳೇದಗುಡ್ಡದಾಗ
ಯಾರೂ ಅಂದದ್ದು ನಾ ಕೇಳಿಲ್ಲ.

ಈ ಶಬ್ದ ನನಗ ಕಲಿಸಿದಾಂವ ಗೈಬುಸಾಬ,
ಸಾವಕಾರ್ರ ಅಂಗಡ್ಯಾಗ ಮಾಲು ನೋಡಾಂವ.
ಸೋಮವಾರಕ್ಕೊಮ್ಮೆ ಅಪ್ಪನ ಖಣ ಹೊತಗೊಂಡು ಹೋದರ
ಒಂದು ತುದಿ ನನ್ನ ಕೈಯಾಗ, ಒಂದು ಅವನ ಕೈಯಾಗ,
ನಡುವ ಕಿಡಕಿ ಬೆಳಕು.
ಕಿವಿಸಂದ್ಯಾಗಿನ ಕೆಂಪು ಪೆನ್ಸಿಲ್ ಇಳಸಿ
ಎಳಿ ತಪ್ಪಿದಲ್ಲೆ ಸುತ್ತ ಗೆರಿ ಎಳದು
“ಐಬು” ಅನ್ನಾಂವ,
ಬಸ್ಸು ಬಂತು ಅಂದಂಗ, ಹೊತ್ತಾತು ಅಂದಂಗ.
ಖಣಕ್ಕ ನಾಕಾಣೆ ಕಡಿತ.

ನಾವು ಹುಡುಗರು ಬೆನ್ನ ಹತ್ತಿ ಕೂಗತಿದ್ದಿವಿ:
ಐಬುಸಾಬ, ಗೈಬುಸಾಬ!
ಒಂದಿನ ಹೊಳ್ಳಿ ನಿಂತು ಹೇಳಿದ:
“ಕಾಣೂದು ಐಬು. ಕಾಣಲಾರದ್ದು ಗೈಬು.
ನಮ್ಮವ್ವ ಹೆಸರಿಟ್ಟದ್ದು ಕಾಣಲಾರದ್ದರದು,
ಹೊಟ್ಟಿ ತುಂಬೂದು ಕಾಣೂದರ ಮ್ಯಾಲೆ.
ನಡೀರಿ ಮನಿಗೆ.”

ಶಾಕವ್ವನ ನೋಡಾಕ ಕೆರೂರಿಂದ ಮಂದಿ ಬಂದಿದ್ದರು.
ಅಕ್ಕನ ಎಡಗಣ್ಣು, ಎದುರಿಗಿದ್ದವರನ್ನ ನೋಡುವಾಗ,
ಬಾಗಲದ ಕಡೆ ಹೊಳ್ಳತೈತಿ,
ಮತ್ತ್ಯಾರೋ ಬಂದರನೋ ಅನ್ನೂವಂಗ.
ಅವಲಕ್ಕಿ ತಿಂದರು, ಚಹಾ ಕುಡದರು.
ಹೊರಗ ಚಪ್ಪಲಿ ಮೆಟ್ಟುವಾಗ ಒಬ್ಬಾಕಿ ಮೆಲ್ಲಕ ಅಂದಳು:
“ಎಲ್ಲಾ ಛಲೋ ಐತಿ. ಒಂದು ಐಬು ಐತಿ.”
ಒಳಗ ಅಕ್ಕ ಬಶಿ ತೊಳಿಯೂದು ನಿಲ್ಲಸಲಿಲ್ಲ.
ಅಪ್ಪ ಕುಣಿಮಗ್ಗಕ್ಕ ಇಳದ.
ಎಲ್ಲಾರೂ ಮಲಗಿದ ಮ್ಯಾಲೂ ಲಾಳಿ ಓಡತಿತ್ತು,
ಒಮ್ಮೆ ನಿಂತಿತು, ಭಾಳ ಹೊತ್ತು ನಿಂತಿತು,
ಮತ್ತ ಓಡಿತು.

ಅಷ್ಟೊತ್ತಿಗೆ ಗೈಬುಸಾಬನ ಕಣ್ಣಿಗೆ ಪರಿ ಬಂದಿತ್ತು.
ಸಾವಕಾರ್ರಿಗೆ ಹೇಳಿರಲಿಲ್ಲ.
ಹೆಬ್ಬೆರಳು ಆಡಿಸಿ ಅರಿವಿ ನೋಡತಿದ್ದ,
ನಿದ್ದಿಗಣ್ಣಾಗ ಕೂಸಿನ ಬೆನ್ನು ಸವರಿದಂಗ.
“ಸಾಫ್ ಐತಿ ಈರಬಸಪ್ಪ, ಐಬಿಲ್ಲ”
ಅಂತ ಪೂರಾ ರೊಕ್ಕ ಎಣಿಸಿ ಇಟ್ಟ.

ಅಪ್ಪ ರೊಕ್ಕ ಮುಟ್ಟಲಿಲ್ಲ.
ಆತನ ಬೆರಳು ಹಿಡದು
ಆನಿಹೆಜ್ಜಿ ಸಾಲಿನಾಗ ಒಂದು ಕಡೆ ಒತ್ತಿದ.
ಅಲ್ಲಿ ಹಾಸಿನ ಎರಡು ಎಳಿ ಹರದು, ಗಂಟು ಬಿದ್ದು,
ಒಂದು ಹೆಜ್ಜಿ ಅರ್ಧಕ್ಕ ನಿಂತಿತ್ತು.
ಪೆನ್ಸಿಲ್ ಇಸಗೊಂಡು ತಾನ ಗೆರಿ ಎಳದ,
ಡೊಂಕಗೆರಿ; ಅಪ್ಪಗ ಬರಿಯಾಕ ಬರತಿರಲಿಲ್ಲ.

ಗೈಬುಸಾಬನ ಗಂಟಲು ಕಟ್ಟಿತ್ತೊ, ನಾಚಿಕಿಯೊ, ಗೊತ್ತಿಲ್ಲ.
ಅಂದ: “ಬೆಲಿ ಕಡಿಯೂದು ಸಾವಕಾರ್ರ ಲೆಕ್ಕ.
ನಾ ಗೆರಿ ಎಳಿಯೂದು ಸಿಂಪಿಗ್ಯಾನ ಸಲುವಾಗಿ.
ಕತ್ತರಿ ಎಲ್ಲಿ ತಿರುಗಬೇಕು,
ಕಂಕಳದ ಮಡಿಕಿ ಎಲ್ಲಿ ಬರಬೇಕು,
ಅವಗ ತಿಳೀಬೇಕಲ್ಲ.
ಒಗದು ಬಿಡು ಅಂತ ನಾ ಎಂದೂ ಬರದಿಲ್ಲ ಈರಬಸಪ್ಪ.”

ಆಮ್ಯಾಲೆ ಅಕ್ಕನ ಲಗ್ನ ಆತು, ಅದು ಬ್ಯಾರೆ ಮಾತು.
ಗೈಬುಸಾಬ ಈಗ ಗೈಬು.
ನಾನು ತಹಶೀಲ್ದಾರ ಕಚೇರಿ ಮುಂದ
ಮೇಜು ಹಾಕಿಕೊಂಡು ಅರ್ಜಿ ಬರದು ಕೊಡತೀನಿ.
ಒಂದು ಫಾರ್ಮಿನಾಗ ಹನ್ನೊಂದನೇ ಕಾಲಮ್:
‘ನ್ಯೂನತೆ ಇದ್ದಲ್ಲಿ ನಮೂದಿಸುವುದು.’
ಇಷ್ಟು ಇಸ್ತ್ರಿ ಮಾಡಿದ ಶಬ್ದಕ್ಕ
ಕೈ ಒಡ್ಡಿ ಕುಂತ ಮಂದಿ ಗಾಬರಿ ಆಗತಾರ.
“ಐಬು ಏನರ ಐತೇನಬೇ?” ಅಂತ ಕೇಳತೀನಿ.
“ಹೂಂನಪಾ, ಐತಿ” ಅಂತ ನಗತಾರ,
ಮೊಣಕಾಲು ತೋರಸತಾರ, ಕಿವಿ ತೋರಸತಾರ,
ಒಬ್ಬಾಕಿ ಹಿಂದ ನಿಂತ ಗಂಡನ್ನ ತೋರಿಸಿದಳು.

ಆ ಖಣ ಮಾರಲಿಲ್ಲ. ಅಕ್ಕ ಕುಬಸ ಹೊಲಸಿಕೊಂಡಳು.
ಕೆಂಪು ಗೆರಿ ಎರಡು ಒಗತಕ್ಕ ಹೋತು.
ಮಾಡದ ಮ್ಯಾಲಿನ ಡಬ್ಬಿಗೆ ಆಕಿ ಕೈ ಚಾಚಿದಾಗ
ಕಂಕಳದಾಗ ಆ ಅರ್ಧ ಹೆಜ್ಜಿ ಕಾಣತೈತಿ.
ಡಬ್ಬಿ ಇಳಸತಾಳ.
ಕಾಣೂದಿಲ್ಲ.