ಗೇಣು ಜಾಗ

ಮಾರ್ಚಿನ ಕೊನೆಯ ಲಾಂಚಿನಲ್ಲಿ ಬಂದವು,
ಸೇಬಿನ ಪೆಟ್ಟಿಗೆಯೊಳಗೆ ಮೂರು ಹೇಂಟೆ.
ನಾದಿನಿ ಓತಿಲಿಯಾ ಕಳಿಸಿದ್ದು, ಎದುರು ದ್ವೀಪದಿಂದ.
ಬಾಲವಿಲ್ಲದ್ದೊಂದು, ಬೂದಿಬಣ್ಣದ್ದೊಂದು,
ಇನ್ನೊಂದರ ಕೆನ್ನೆಗೆ ಗಡ್ಡದಂಥ ಪುಕ್ಕ.
ನೀಲಿ ಮೊಟ್ಟೆ ಇಡುವ ತಳಿ, ಅಂದಳಂತೆ. ನೋಡೋಣ.

"ಬಿಟ್ಟುಬಿಡು ಅತ್ತೆ, ಅವೇ ನೋಡಿಕೊಳ್ಳುತ್ತವೆ"
ಅಂದ ಆನ್ಸೆಲ್ಮೊ, ಗೂಡಿನ ಚಿಲಕಕ್ಕೆ ಆಗಲೇ ಕೈ ಹಾಕಿ.
ಅವನ ಮೊಣಕೈ ಹಿಡಿದೆ.

ಹೀಗೇ ಬಿಟ್ಟಿದ್ದೆ ಒಮ್ಮೆ.
ನಡುಹಗಲು, ಒಂಟಿ, ಬೆಳ್ಳಗಿನದು.
ಆಲೂಗಡ್ಡೆಯ ನೀರು ಬಸಿದು ಬರುವಷ್ಟರಲ್ಲಿ
ಮೂಲೆಗೆ ತಲೆ ತುರುಕಿ ನಿಂತಿತ್ತು,
ನೆತ್ತಿ ಕೆಂಪು, ಬೆನ್ನು ಕೆಂಪು,
ಕೆಂಪು ಕಂಡಷ್ಟೂ ಕುಕ್ಕುವ ಕೊಕ್ಕುಗಳು ಸುತ್ತ.
ಕೋಳಿಗಳು ಕೊಂದವೆಂದು ಊರಿಗೆ ಹೇಳಿದೆ.
ಕೊಂದದ್ದು ನನ್ನ ಅವಸರ.

ಹಾಗಾಗಿ, ಮೊದಲು ದೂರ.
ಮನೆಯ ಇನ್ನೊಂದು ಮಗ್ಗುಲಲ್ಲಿ ಬೋರಲು ಬಿದ್ದ ದೋಣಿ,
ನೀರಿನ ಆಸೆ ಬಿಟ್ಟು ಎಷ್ಟೋ ವರ್ಷ.
ಅದರಡಿ ಒಣಹುಲ್ಲು, ಬೇರೆ ಬೋಗುಣಿ, ಬೇರೆ ನೀರು.
ಅವನ್ನು ಮುಟ್ಟಿದ ಕೈ ತೊಳೆಯದೆ ಇವನ್ನು ಮುಟ್ಟೆ;
ಅಲ್ಲಿ ಮೆಟ್ಟಿದ ಬೂಟು ಇಲ್ಲಿಗಿಲ್ಲ.
ರೆಕ್ಕೆಯ ಸಂದಿ ಬಿಡಿಸಿ ಹೇನು ಹುಡುಕಿದೆ,
ಒಲೆಯ ಬೂದಿ ಸುರಿದು ಹೊರಳಾಡಲು ಬಿಟ್ಟೆ.

ಇಪ್ಪತ್ತೆರಡನೆಯ ದಿನ ಗಡ್ಡದ್ದು ಸೀನಿತು.
ಒಂದೇ ಸಲ. ಹುಲ್ಲಿನ ಧೂಳೇ ಇರಬಹುದು.
ಗೋಡೆಯ ಮೇಲಿನ ಇದ್ದಿಲ ಗೆರೆಗಳನ್ನೆಲ್ಲ ಒರೆಸಿ
ಮತ್ತೆ ಒಂದರಿಂದ ಎಣಿಸಿದೆ.
"ಕೋಳಿಗಿಷ್ಟು ಉಪಚಾರವೇ!" ಆನ್ಸೆಲ್ಮೊ ನಕ್ಕ.
ಕೋಳಿಯನ್ನು ಕೇಳಿ ಯಾರೂ ಖಾರ ಅರೆಯುವುದಿಲ್ಲ, ನಿಜ.
ಬಾಗಿಲು ತೆಗೆಯುವ ಮುಂಚೆಯಾದರೂ ಕೇಳಬಾರದೇ?

ಆಮೇಲೆ ಬಲೆ.
ಸಾಲ್ಮನ್ ಸಾಕುವ ಕಂಪನಿಯದು, ಬಿರುಗಾಳಿಗೆ ಹರಿದು ದಡಕ್ಕೆ ಬಿದ್ದದ್ದು,
ಅಂಗಳಕ್ಕೆ ಅಡ್ಡ ಬಿಗಿದೆ.
ಆಚೆ ಮೂರು, ಈಚೆ ಏಳು.
ಕಾಣಲಿ, ತಾಗದಿರಲಿ.
ಸಾರ್ಜೆಂಟಮ್ಮ, ನನ್ನ ಕೆಂಪು ಹಿರಿಹೇಂಟೆ,
ಕೊರಳ ಪುಕ್ಕ ಕೊಡೆಯಂತೆ ಬಿಚ್ಚಿ
ಬಲೆಗುಂಟ ಹೋದಳು, ಬಂದಳು, ಹೋದಳು.
ಕೊಕ್ಕಿಗೆ ನೈಲಾನ್ ಮಾತ್ರ ಸಿಕ್ಕಿತು.
ನಾಲ್ಕನೇ ದಿನ ಬೇಸತ್ತು ಎರೆಹುಳು ಕೆದಕಿದಳು.
ಆರನೇ ದಿನ ಎರಡೂ ಬದಿಯವು ಒಂದೇ ಹೊತ್ತಿಗೆ
ಮೈ ಚೆಲ್ಲಿ ಬಿಸಿಲು ಕಾಯಿಸಿದವು,
ನಡುವೆ ಬಲೆ ಇದ್ದದ್ದು ಮರೆತಂತೆ.
ಮರೆತಿರಲಿಲ್ಲ.

ನಿನ್ನೆ ರಾತ್ರಿ ದೀಪವಿಲ್ಲದೆ ಹೋದೆ.
ಒಂದೊಂದನ್ನೇ ಎದೆಗವಚಿ ತಂದೆ;
ಪುಕ್ಕದೊಳಗೆ ಬೆರಳಿಟ್ಟರೆ
ಆಗಷ್ಟೇ ಒಲೆಯಿಂದ ತೆಗೆದ ರೊಟ್ಟಿ.
ಅಡ್ಡಗೋಲಿನ ತುದಿಗೆ ಕೂರಿಸಿದೆ.
ನಿದ್ದೆಯಲ್ಲಿ ಯಾರೋ ಒಬ್ಬಳು ಗೊಣಗಿದಳು, ಅಷ್ಟೇ.
ಕತ್ತಲೆಗೆ ಮೇಲು ಕೀಳು ಕಾಣದು.

ಬೆಳಕು ಹರಿಯುವ ಮುಂಚೆ ನಾನಲ್ಲಿದ್ದೆ,
ಮೋಟು ಮಣೆ, ಉಣ್ಣೆಯ ಶಾಲು, ಬಿಸಿ ಲೋಟ.
ಎರಡು ಕಡೆ ಕಾಳು, ಎರಡು ಕಡೆ ನೀರು,
ಓಡಿ ಅಡಗಲು ಆಲೂಗಡ್ಡೆ ಚೀಲಗಳ ರಾಶಿ.
ಸಾರ್ಜೆಂಟಮ್ಮ ಬೂದಿಯವಳ ನೆತ್ತಿಗೆ ಕುಕ್ಕಿದಳು.
ಎದ್ದು ನಿಂತೆ.
ಬೂದಿಯವಳು ತಲೆ ತಗ್ಗಿಸಿದಳು.
ಕುಳಿತೆ.
ಗಡ್ಡದವಳು ಚೀಲದ ಹಿಂದೆ.
ಬಾಲವಿಲ್ಲದವಳು ಮಾತ್ರ ತಗ್ಗಲಿಲ್ಲ;
ಎದೆಗೆ ಎದೆ ಕೊಟ್ಟು ಹಾರಿದಳು,
ಒಂದೆರಡು ಪುಕ್ಕ ಉದುರಿದವು. ಯಾರವೋ.
ರಕ್ತವಿಲ್ಲದ ಜಗಳಕ್ಕೆ ನಾನು ಕೈ ಹಾಕುವವಳಲ್ಲ,
ಲೋಟ ಆರಿಹೋದರೂ ಹಿಡಿದೇ ಇದ್ದೆ.

ಸಂಜೆ ಎಣಿಸಿದೆ: ಹತ್ತು.
ಕೋಲಿನ ಮೇಲೆ ಏಳು ಒತ್ತಿಕೊಂಡು, ಮೂರು ಒತ್ತಿಕೊಂಡು,
ನಡುವೆ ಖಾಲಿ, ಒಂದು ಗೇಣು.
"ಇನ್ನೂ ಸೇರಿಲ್ಲವಲ್ಲ" ಅಂದ ಆನ್ಸೆಲ್ಮೊ, ಬಾಗಿಲಲ್ಲಿ ಬಗ್ಗಿ.

ಆ ಗೇಣು ಜಾಗ ನನ್ನ ಕೆಲಸವಲ್ಲ, ಮಗನೇ.
ಚಿಲೊಯೆಗೆ ಜೂನ್ ಬರುತ್ತಿದೆ, ತೆಂಕಣ ಗಾಳಿ ಬರುತ್ತಿದೆ.
ಚಿಲಕ ಹಾಕು.
ಉಳಿದದ್ದನ್ನು ಚಳಿ ನೋಡಿಕೊಳ್ಳುತ್ತದೆ.