ಛೇದದಲ್ಲಿ ಸೊನ್ನೆ

ದೀಪಸ್ತಂಭಕ್ಕೆ ಇನ್ನು ಕಾವಲುಗಾರ ಬೇಡವಂತೆ,
ಕೊರುನ್ಯದ ಕಚೇರಿಯಿಂದ ಕಾಗದ ಬಂದಿದೆ.
ಬಂದರಿನ ಗೋದಾಮಿನಲ್ಲಿ ಒಂದು ಕುರ್ಚಿ ಉಂಟು,
ಕೂರಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕು.
ನಾನು ಆರಕ್ಕೇ ಬಿಟ್ಟವನು, ಬಾಲ್ದೋಮೀರೊ,
ವಯಸ್ಸು ಐವತ್ತೆಂಟು.
ಗುರುವಾಗಿ ಸಿಕ್ಕಿದ್ದು ಲೇಸು ಹೆಣೆಯುವ ಒಬ್ದೂಲಿಯಳ ಮಗಳು
ಸಬೇಲಾ, ಹದಿಮೂರು, ಮೂಗಿನ ತುದಿಯಲ್ಲೇ ಕೋಪ.

'ಬ ಎಲ್ಲೆಲ್ಲಿದೆ ಹುಡುಕು, ಮಾಮ,' ಅನ್ನುತ್ತಾಳೆ.
ದ ಅಂದರೆ ದೀಪದಿಂದ ಮಸೂರಕ್ಕೆ ಇರುವ ದೂರ.
ಸ ಸಂಗಮದೂರ, ಗಾಜು ಹುಟ್ಟುವಾಗಲೇ ತಂದದ್ದು.
ಬ, ಬಿಂಬ ಎಲ್ಲಿ ಬಿದ್ದೀತೋ ಆ ದೂರ. ಬೇಕಾದದ್ದು ಅದೇ.
ಭಿನ್ನರಾಶಿಯನ್ನೆಲ್ಲ ಅವಳೇ ಕಳಚಿಟ್ಟಿದ್ದಳು, ಪುಣ್ಯಾತ್ಮೆ:

        ಬಸ + ದಸ = ದಬ

ಎಡಗಡೆ ಒಂದು ಬ, ಬಲಗಡೆ ಒಂದು ಬ.
ಎರಡು ಬಂದರಿನಲ್ಲಿ ಎರಡು ಸಂಸಾರ ಹೂಡಿದ
ಹಡಗಿನ ಅಡುಗೆಯವನ ಹಾಗೆ,
ಎಲ್ಲಿ ಕೇಳಿದರೂ 'ಈಗಷ್ಟೇ ಹೋದ.'

'ಪಕ್ಷಾಂತರ ಮಾಡಿಸು,' ಅಂದಳು.
ಪಕ್ಷ ಬಿಟ್ಟವನಿಗೆ ಹಳೇ ಚಿಹ್ನೆ ಸಿಗುವುದಿಲ್ಲ,
ಅಷ್ಟು ನನಗೂ ಗೊತ್ತು, ನಮ್ಮೂರ ಮೇಯರನ್ನು ನೋಡಿದ್ದೇನೆ.
ಕೂಡು ಆಗಿದ್ದದ್ದು ಕಳೆ ಆಗಿ ದಾಟಿತು:

        ದಸ = ದಬ − ಬಸ

'ಈಗ ಇಬ್ಬರಲ್ಲೂ ಇರುವುದನ್ನು ಹೊರಗೆ ತೆಗಿ.'
ಪೆನ್ಸಿಲ್ ತುದಿ ನೆಕ್ಕಿ ತೆಗೆದೆ,
ಬಂಡೆಗಂಟಿದ ಚಿಪ್ಪನ್ನು ಮುಂದಿನ ಅಲೆ ಬರುವುದರೊಳಗೆ
ಒಂದೇ ಏಟಿಗೆ ಬಿಡಿಸುವ ಹಾಗೆ:

        ದಸ = ಬ (ದ − ಸ)

ಆವರಣದ ಬಾಗಿಲು ಮುಚ್ಚಿತು. ಹೊರಗೆ ಬ,
ಮೊದಲ ಸಲ ಒಬ್ಬನೇ, ಟೋಪಿ ಕೈಯಲ್ಲಿ.

'ಇನ್ನು ಭಾಗಿಸು. ಎಡಕ್ಕೆ ಬಡಿಸಿದ್ದೇ ಬಲಕ್ಕೂ.
ಪಂಕ್ತಿಭೇದ ಮಾಡಿದರೆ ಅಂಕ ಇಲ್ಲ.'

        ಬ = ದಸ / (ದ − ಸ)

ಅವಳು ಸೂಪಿಗೆ ಬ್ರೆಡ್ಡು ಮುರಿದು ಹಾಕಿಕೊಂಡಳು.
ನಾನು ಆ ಗೆರೆಯ ಆಚೆಗೇ ನೋಡುತ್ತಾ ಕೂತೆ.
ನನ್ನ ಮಸೂರಕ್ಕೆ ಸ ತೊಂಬತ್ತೆರಡು ಸೆಂಟಿಮೀಟರ್.
ದ ತೊಂಬತ್ತಮೂರು ಇಟ್ಟರೆ? ಗುಣಿಸಿದೆ, ಬೆವರಿದೆ:
ಎಂಬತ್ತೈದೂವರೆ ಮೀಟರು. ಅಷ್ಟೇ!
ದೀಪ ಬೆರಳಗಲ ಸರಿದರೆ ಸಾಕು,
ಬೆಳಕು ಕೆಳಗಿನ ಬಂಡೆ ದಾಟುವ ಮೊದಲೇ ಚುಕ್ಕಿಯಾಗಿ ಕೂಡಿ
ಆಮೇಲೆ ಚೆಲ್ಲಾಪಿಲ್ಲಿ.
ಒಂದು ಚಳಿಗಾಲ ಸ್ಕ್ರೂ ಸಡಿಲಾಗಿತ್ತು.
ಫೆರ್ಮಿನ್ ಹೆಂಡದಂಗಡಿಯಲ್ಲಿ ಎಲ್ಲರೆದುರು ಕೂಗಿದ್ದ:
'ದೀಪದ ಬುಡದಲ್ಲಿ ಕತ್ತಲೆ ಅಂತಾರೆ,
ನಿಂದು ಬುಡದಲ್ಲಿ ಮಾತ್ರ ಬೆಳಕಲ್ಲೋ!'
ಇಷ್ಟು ವರ್ಷದ ಮೇಲೆ ಆ ಬೈಗುಳದ ಲೆಕ್ಕ ಸಿಕ್ಕಿತು.

'ದ, ಸ ಎರಡೂ ಸಮ ಆದರೆ?' ಕೇಳಿದೆ.
ಚಮಚ ನಿಂತಿತು. 'ಛೇದ ಸೊನ್ನೆ ಆಗುತ್ತೆ, ಮಾಮ.
ಸೊನ್ನೆಯಿಂದ ಭಾಗಿಸೋ ಹಾಗಿಲ್ಲ.
ಪಕ್ಕದಲ್ಲಿ ಬರಿ: ದ, ಸ ಸಮವಲ್ಲ.
ಬರೀದಿದ್ದರೆ ಒಂದು ಅಂಕ ಹೋಯ್ತು.'

ಸಮವಲ್ಲ!
ಮೂವತ್ತೊಂದು ವರ್ಷ ಸಂಜೆ ಸಂಜೆ ಮೆಟ್ಟಿಲು ಹತ್ತಿ
ನಾನು ಮಾಡಿದ್ದು ಅದೊಂದೇ, ಅವೆರಡನ್ನೂ ಸಮ ಮಾಡಿದ್ದು:
ಬಿಂಬ ಎಲ್ಲೂ ಬೀಳದ ಹಾಗೆ,
ಕಿರಣ ಕಿರಣವನ್ನು ಕೂಡದೆ, ಅಗಲದೆ,
ಪಕ್ಕಪಕ್ಕದಲ್ಲೇ ನಡೆದು ಮಂಜಿನೊಳಕ್ಕೆ ಹೋಗಿ
ಯಾರದೋ ಚುಕ್ಕಾಣಿಯ ಮೇಲೆ,
ನಾನು ಕಾಣದ ಒಂದು ಒದ್ದೆ ಕೈಯ ಮೇಲೆ ಬೀಳುವ ಹಾಗೆ.
ಪುಸ್ತಕ ಬೇಡವೆಂದ ಜಾಗದಲ್ಲೇ ಕೂತು ಸಂಬಳ ತಿಂದೆ.

ಪರೀಕ್ಷೆಯಲ್ಲಿ ಬರೆಯುತ್ತೇನೆ ಬಿಡಿ, ಸಮವಲ್ಲ ಅಂತ.
ಅಂಕ ಬೇಕು, ಕುರ್ಚಿ ಬೇಕು.

ಸಬೇಲಾ ಬಟ್ಟಲು ತೊಳೆದಿಟ್ಟು ಸೈಕಲ್ ಹತ್ತಿದಳು.
ನಾನು ಅಳತೆಕೋಲು ಹಿಡಿದು ಮೇಲೆ ಹೋದೆ.
ತೊಂಬತ್ತೆರಡು.
ಕನ್ನಡಕ ಒರೆಸಿ ಇನ್ನೊಮ್ಮೆ ಅಳೆದೆ.
ತೊಂಬತ್ತೆರಡು.